ತೀರ್ಥಮ್ಮನ ಮೀಸಲು ಅಕ್ಕಿ

ತರೀಕೆರೆ ಕಡೆಯ ನಾಲೆ ಬಯಲಲ್ಲಿ ಅಕ್ಕಿಯ ಮಾದರಿ ಸಂಗ್ರಹಿಸಿ, ಅದರಲ್ಲಿ ವಿಷಲೋಹ ಇದೆಯೇ ಎಂದು ನೋಡಲು ಲ್ಯಾಬಿಗೆ ಒಯ್ಯುವುದು ನನ್ನ ಕೆಲಸ. ಹೋದಲ್ಲೆಲ್ಲ ಜನ ಕೇಳುವುದು ಒಂದೇ: ಸರ್ಕಾರದಿಂದ ಏನಾದರೂ ಬರುತ್ತದಾ? ತೀರ್ಥಮ್ಮ ಮಾತ್ರ ಮೊದಲ ದಿನವೇ ನನ್ನ ತಲೆ ತಿಂದರು.

“ಮಣ್ಣಲ್ಲಿರೋ ಲೋಹ ಅಕ್ಕಿಗೆ ಹೆಂಗೆ ಹತ್ತುತ್ತೆ ಕಣವ್ವಾ?”

“ನೀರಿನ ಜೊತೆ ಬೇರಿಗೆ ಹೋಗುತ್ತಮ್ಮ…”

“ಅದು ಗೊತ್ತಾಯ್ತು. ಮಳೆಗಾಲದ್ದು, ಬೇಸಿಗೇದು, ಎರಡು ಬೆಳೇಲೂ ಒಂದೇ ಸಮ ಹತ್ತುತ್ತಾ? ಅದ್ ಹೇಳು.”

ನನಗೆ ಗೊತ್ತಿರಲಿಲ್ಲ. ನಾಲ್ಕನೇ ಕ್ಲಾಸು ಓದಿದವರ ಮುಂದೆ ನಾಚಿಕೆಯಾಯಿತು.

ಅವರದು ಎರಡೆಕರೆ ಗದ್ದೆ. ವರ್ಷಕ್ಕೊಮ್ಮೆ ನಾಲ್ಕು ಮೂಟೆ ಅಕ್ಕಿ ಮಠದ ದಾಸೋಹಕ್ಕೆ ಮೀಸಲು. ಅಲ್ಲಿ ಹಾಸ್ಟೆಲಿನ ಮಕ್ಕಳು ಉಣ್ಣುತ್ತಾರೆ. ತಾವು ಕೊಡುವ ಅಕ್ಕಿ ಆ ಮಕ್ಕಳಿಗೆ ಒಳ್ಳೆಯದೋ ಅಲ್ಲವೋ, ಅಷ್ಟು ತಿಳಿಯಬೇಕಿತ್ತು ಅವರಿಗೆ.

ಅವರು ಮೊದಲ ಸಲ ಕೊಟ್ಟ ಮಾದರಿ ಪೊಟ್ಟಣಗಳನ್ನು ಲ್ಯಾಬಿನವರು ತಿರುಗಿಸಿ ಕಳಿಸಿ ನನಗೆ ಚೆನ್ನಾಗಿ ಉಗಿದರು. ಅಕ್ಕಿಯಲ್ಲಿ ಬೂದಿ ಇತ್ತಂತೆ. ವಿಚಾರಿಸಿದರೆ, ತೀರ್ಥಮ್ಮ ಪ್ರತಿ ಪೊಟ್ಟಣಕ್ಕೂ ಒಂದು ಚಿಟಿಕೆ ವಿಭೂತಿ ಹಾಕಿದ್ದರು!

“ಮನೆಯಿಂದ ಅಕ್ಕೀನ ವಿಭೂತಿ ಹಾಕ್ದೆ ಹಂಗೇ ಕಳಿಸ್ತಾರೇನೇ?” ಎಂದು ನನ್ನನ್ನೇ ಗದರಿದರು. ಮರುಗಳಿಗೆ, “ಅಷ್ಟು ಚಿಟಿಕೇನೂ ಮಿಷಿನ್‌ಗೆ ಗೊತ್ತಾಗ್ಬಿಡುತ್ತಾ?” ಎಂದು ಕಣ್ಣರಳಿಸಿದರು. ಆಮೇಲೆ ಸತತ ನಾಲ್ಕು ಬೆಳೆಯ ಅಕ್ಕಿಯನ್ನು ವಿಭೂತಿಯಿಲ್ಲದೆ, ತಾರೀಖು ಬರೆದು ಕೊಟ್ಟರು.

ಫಲಿತಾಂಶ ಹಿಡಿದು ಹೋದಾಗ ಅವರು ಜಗಲಿಯಲ್ಲಿ ಮೊರ ಹಿಡಿದು ಕೂತಿದ್ದರು. ಮಳೆಗಾಲದಲ್ಲಿ ಗದ್ದೆಯಲ್ಲಿ ಸದಾ ನೀರು ನಿಂತಿರುತ್ತದೆ; ಆ ಎರಡು ಬೆಳೆಯಲ್ಲಿ ಕ್ಯಾಡ್ಮಿಯಂ ಎಂಬ ಲೋಹ ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಯಲ್ಲಿ ನಾಲೆಗೆ ಸರದಿಯ ಮೇಲೆ ನೀರು. ನಡುವೆ ಗದ್ದೆ ಒಣಗಿದಾಗ ಮಣ್ಣು ಹಿಡಿದಿಟ್ಟಿದ್ದ ಲೋಹ ಬಿಡಿಸಿಕೊಂಡು ಬೇರಿಗೆ ಹೋಗುತ್ತದೆ. ಬೇಸಿಗೆಯ ಎರಡು ಬೆಳೆಯಲ್ಲೂ ಅದು ಮಿತಿ ದಾಟಿತ್ತು.

ತೀರ್ಥಮ್ಮ ಮೊರ ಕೆಳಗಿಟ್ಟರು.

“ಮಠಕ್ಕೆ ಯಾವುದು ಕೊಡ್ತಿದ್ರಿ?” ಎಂದು ಕೇಳಿದೆ.

“ಬೇಸಿಗೇದು,” ಎಂದರು. “ಮಳೆಗಾಲದ್ದು ಕಟಾವಲ್ಲಿ ನೆಂದು ಮಂಕಾಗಿರುತ್ತೆ. ಅದನ್ನ ಮನೇಗಿಟ್ಕೊಂಡು, ಬೆಳ್ಳಗಿರೋದನ್ನ ಮಕ್ಕಳಿಗೆ ಕೊಡ್ತಿದ್ದೆ.”

ತಿಂದ ಕೂಡಲೇ ಏನೂ ಆಗುವುದಿಲ್ಲ, ತೆನೆ ಬಂದ ಮೇಲೆ ಗದ್ದೆ ಒಣಗದಂತೆ ನೋಡಿಕೊಂಡರೆ ಕಡಿಮೆಯಾಗುತ್ತದೆ ಎಂದೆ. ಎಷ್ಟು ದಿನ, ಎಷ್ಟು ನೀರು ಎಂದು ಬಿಡಿಸಿ ಬಿಡಿಸಿ ಕೇಳಿದರು. ಆದರೆ ಮುಖ ಬಾಡಿಹೋಗಿತ್ತು.

ಈ ವರ್ಷ ಮೂಟೆ ತುಂಬಿದ ಆಟೋದಲ್ಲಿ ನಾನೂ ಮಠಕ್ಕೆ ಹೋಗಿದ್ದೆ. ಅಡುಗೆಯ ರುದ್ರಮೂರ್ತಿ ಮೂಟೆ ಬಿಚ್ಚಿ ಮುಖ ಸಿಂಡರಿಸಿದ.

“ಇದೇನಮ್ಮಾ, ಯಾವಾಗ್ಲೂ ಒಳ್ಳೇದು ತರೋರು ಈ ಸಲ ಇಂಥ ಮಂಕು ಅಕ್ಕಿ ತಂದಿದ್ದೀರಿ?”

“ಇದೇ ಒಳ್ಳೇದು ಕಣಪ್ಪಾ,” ಎಂದರು ತೀರ್ಥಮ್ಮ. ಊಟಕ್ಕೆ ಸಾಲಾಗಿ ಕೂತಿದ್ದ ಮಕ್ಕಳ ಕಡೆ ನೋಡಲಾರದೆ ತಲೆ ತಗ್ಗಿಸಿದರು. “ಇಷ್ಟು ವರ್ಷ ಇದನ್ನ ನಾವೇ ತಿಂತಿದ್ವಿ.”