ಇಸ್ತ್ರಿ ಹಾಕಿದ ನೋಟುಗಳು

ನಮ್ಮ ಅಕ್ಕನ ಗಂಡ ಟೇಲರ್. ಪ್ಯಾಂಟು ಹೊಲಿಯುವುದರಲ್ಲಿ ಎತ್ತಿದ ಕೈ, ಹೇಳಿದ ದಿನಕ್ಕೆ ಕೊಡುವುದರಲ್ಲಿ ಮಾತ್ರ ಅವರನ್ನು ನಂಬುವ ಹಾಗಿಲ್ಲ.

ಗಿರಾಕಿ ನೋಟು ಕೊಟ್ಟರೆ ಭಾವ ಅದನ್ನು ಮೆಷಿನ್ನಿನ ದೀಪದ ಕೆಳಗೆ ಹಿಡಿಯುತ್ತಾರೆ. ಸಹಿ ಯಾರದು, ಹಿಂಬದಿಯ ಅಂಚಿನಲ್ಲಿ ಇಸವಿ ಇದೆಯೋ ಇಲ್ಲವೋ, ನಂಬರಿನ ಹಿಂದೆ ಮಸುಕಾಗಿ ಕೂತ ಅಕ್ಷರ ಯಾವುದು ಎಂದು ನೋಡುತ್ತಾರೆ. ನಮ್ಮ ಕಣ್ಣಿಗೆ ಎರಡೂ ಒಂದೇ ನೋಟು. ಅವರಿಗೆ ಅಣ್ಣ ಬೇರೆ, ತಮ್ಮ ಬೇರೆ.

“ಕಳ್ಳನೋಟು ಅಂದ್ಕೊಂಡ್ರೇನ್ರೀ?” ಎಂದು ಗಿರಾಕಿಗಳು ಮುಖ ಗಂಟಿಕ್ಕುತ್ತಿದ್ದರು.

ಬೇಕಾದದ್ದು ಸಿಕ್ಕಿದರೆ ಅದು ಗಲ್ಲಾಪೆಟ್ಟಿಗೆಗೆ ಹೋಗದೆ ಇಸ್ತ್ರಿ ಮೇಜಿಗೆ ಹೋಗುತ್ತಿತ್ತು. ಮೇಲೊಂದು ತೆಳು ಬಟ್ಟೆ ಹೊದಿಸಿ, ಹದವಾದ ಬಿಸಿಯಲ್ಲಿ ಒತ್ತಿ, ಆಮೇಲೆ ಆಲ್ಬಮ್ಮಿಗೆ. ಸುಕ್ಕು ಕಂಡರೆ ಟೇಲರನ ಕೈ ಸುಮ್ಮನಿರುತ್ತದೆಯೇ?

ನಂಬರಿನ ಹಿಂದೆ ಅಕ್ಷರವೇ ಇಲ್ಲದ ಒಂದು ನೋಟು ಮಾತ್ರ ಅಕ್ಕನ ಗುಂಡಿ ಡಬ್ಬಿಯಲ್ಲಿ ಮಡಚಿಕೊಂಡು ಬಿದ್ದಿತ್ತು. ಭಾವ ಗೋಗರೆದರೂ ಅಕ್ಕ ಕೊಡಲಿಲ್ಲ.

“ನನ್ನ ಸೀರೆ ಸುಟ್ಟಿದ್ದು ಸಾಲ್ದಾ? ನೋಟು ಬೇರೆ ಸುಡಬೇಕಾ?”

ಊರಿನ ನೋಟು ಸಂಗ್ರಹದವರು ವರ್ಷಕ್ಕೊಮ್ಮೆ ಶಾಲೆಯ ಹಾಲಿನಲ್ಲಿ ಪ್ರದರ್ಶನ ಇಡುತ್ತಾರೆ. ಅಲ್ಲಿ ತಮ್ಮದೂ ಒಂದು ಮೇಜು ಇರಬೇಕು ಎಂಬುದೊಂದೇ ಭಾವನ ಆಸೆ. ಈ ಸಲ ಸಂಘದ ಹಿರಿಯ, ಗಡಿಯಾರದ ಅಂಗಡಿಯವನು, ನೋಟುಗಳನ್ನು ನೋಡಲು ಭಾವನ ಅಂಗಡಿಗೇ ಬಂದ. ಒಂದನ್ನು ಬೆಳಕಿಗೆ ಓರೆಯಾಗಿ ಹಿಡಿದು ಹೆಬ್ಬೆರಳು ಆಡಿಸಿದ.

“ಯಾರ್ರೀ ಇದಕ್ಕೆ ಇಸ್ತ್ರಿ ಹಾಕಿದ್ದು?”

“ನಾನೇ. ಎಷ್ಟು ನೀಟಾಗಿದೆ ನೋಡಿ!”

“ಅದೇ ತೊಂದ್ರೆ. ಅಚ್ಚಿನ ಉಬ್ಬು ಬೆರಳಿಗೆ ಸಿಗಬೇಕು. ಎಲ್ಲಾ ಚಪ್ಪಟೆ ಮಾಡಿಟ್ಟಿದೀರಿ. ಇವನ್ನ ಮೇಜಿನ ಮೇಲೆ ಇಡಕ್ಕಾಗಲ್ಲ.”

ನಾನು ಅಲ್ಲೇ ಇದ್ದೆ. ಮೈ ಉರಿಯಿತು. “ಮುದುಡಿದ್ದನ್ನ ಇಟ್ಕೊಂಡು ಮೆರವಣಿಗೆ ಮಾಡ್ತೀರಾ?” ಎಂದು ಕೇಳಿಯೇಬಿಟ್ಟೆ.

“ಮಾಡ್ತೀವಿ ಕಣಯ್ಯಾ. ಮುದುಡಿದ್ರೆ ಮುದುಡಿದೆ ಅಂತ ಗೊತ್ತಾಗುತ್ತೆ. ಇಸ್ತ್ರಿ ಹಾಕಿದ್ರೆ ಹೊಸದು ಅಂತ ಮೋಸ ಮಾಡ್ದಂಗೆ.”

ಭಾವ ಆಲ್ಬಮ್ ಮುಚ್ಚಿದರು. ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ಅಕ್ಕ ಎದ್ದು ಬಂದು ಗುಂಡಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು.

“ಇದು ನಡೆಯುತ್ತಾ ನೋಡಿ.”

ಗಡಿಯಾರದವನು ಮಡಿಕೆ ಬಿಡಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ತುಂಬ ಹೊತ್ತು ನೋಡಿದ. “ನಡೆಯುತ್ತೆ ತಾಯಿ. ಆದ್ರೆ ನೋಟು ಯಾರದೋ, ಅದರ ಮುಂದಿಡೋ ಚೀಟಿನೂ ಅವರ ಹೆಸರಲ್ಲೇ ಇರಬೇಕು.”

ಹಾಗಾಗಿ ಪ್ರದರ್ಶನದ ದಿನ ಶಾಲೆಯ ಹಾಲಿನ ಮೂಲೆಯ ಮೇಜಿನ ಮೇಲೆ ಒಂದೇ ಒಂದು ನೋಟು, ಅದರ ಮುಂದೆ ಅಕ್ಕನ ಹೆಸರು. ಭಾವ ಗರಿಗರಿ ಅಂಗಿ ತೊಟ್ಟು ಇಡೀ ದಿನ ಅದರ ಪಕ್ಕವೇ ನಿಂತು, ಬಂದವರಿಗೆಲ್ಲ ಇಲ್ಲದ ಅಕ್ಷರ ಎಲ್ಲಿರಬೇಕಿತ್ತು ಎಂದು ತೋರಿಸಿದರು. ತೋರಿಸುತ್ತ ತೋರಿಸುತ್ತ ಅವರ ಹೆಬ್ಬೆರಳು ತನ್ನಷ್ಟಕ್ಕೆ ಮಡಿಕೆಯ ಮೇಲೆ ಹೋಗುತ್ತಿತ್ತು.

“ರೀ, ಕೈ ತೆಗೀರಿ,” ಅನ್ನುತ್ತಿದ್ದಳು ಅಕ್ಕ.