ಥೀಡಾ ಪ್ರೂಯಿಟ್ ಹೇಳದೆ ಬಿಟ್ಟ ಮಾತು

ಥೀಡಾ ಪ್ರೂಯಿಟ್ ನಮ್ಮೂರಿನ ಪ್ರಾಥಮಿಕ ಶಾಲೆಯ ಲೈಬ್ರರಿಯನ್ನು ಮೂವತ್ತೊಂದು ವರ್ಷ ನೋಡಿಕೊಂಡಳು. ಅದೇ ಶಾಲೆಯ ಅಡಿಗೆಮನೆಯಲ್ಲಿ ನಾನು ಇಪ್ಪತ್ತಾರು ವರ್ಷ ಮಕ್ಕಳಿಗೆ ಬಡಿಸಿದೆ. ಅವಳ ಕೋಣೆಗೂ ನಮ್ಮ ಅಡಿಗೆಮನೆಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಬಾಗಿಲು. ನಾನು ದೊಡ್ಡ ಪಾತ್ರೆ ತಿಕ್ಕುವಾಗ ಅವಳು ಪುಸ್ತಕಗಳಿಗೆ ತಾರೀಖಿನ ಮುದ್ರೆ ಒತ್ತುವ ಸದ್ದು ಕೇಳುತ್ತಿತ್ತು. ನನಗಿಂತ ಎಂಟು ವರ್ಷ ದೊಡ್ಡವಳು. ಎಡಗಾಲು ಸ್ವಲ್ಪ ಗಿಡ್ಡ, ಹಾಗಾಗಿ ಆ ಕಾಲಿನ ಬೂಟಿನ ಅಟ್ಟೆ ಎರಡು ಬೆರಳು ದಪ್ಪ. ಬಲಗೈ ಹೆಬ್ಬೆರಳಿನಲ್ಲಿ ಯಾವಾಗಲೂ ನೇರಳೆ ಮಸಿ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಆಗ್ತಿದ್ದೆ, ಹುಡುಗ ತಗೊಂಡ ಪುಸ್ತಕ ವಾಪಸ್ ಕೊಡ್ಲಿಲ್ಲ," ಅನ್ನುತ್ತಿದ್ದಳು.

ಮಕ್ಕಳ ಊಟ ಮುಗಿದ ಮೇಲೆ ಆ ಬಾಗಿಲು ತೆರೆದು ಬರುತ್ತಿದ್ದಳು. ಮೆಕ್ಕೆಜೋಳದ ಬ್ರೆಡ್ಡಿನ ಗಟ್ಟಿ ಅಂಚು ಅವಳಿಗೆ ಇಷ್ಟ, ತೆಗೆದಿಟ್ಟಿರುತ್ತಿದ್ದೆ. ಅವಳು ತಿನ್ನುವಾಗ ನಾನು ಏಪ್ರನ್ ಜೇಬಿನಿಂದ ಆ ದಿನ ಬಂದ ಕಾಗದ ತೆಗೆದು ಮುಂದಿಡುತ್ತಿದ್ದೆ. ಆಸ್ಪತ್ರೆಯದು, ಕರೆಂಟಿನದು, ನನ್ನ ಗಂಡ ವೆಂಡೆಲ್ ದುಡಿಯುತ್ತಿದ್ದ ಪಿಂಗಾಣಿ ಕಾರ್ಖಾನೆಯದು.

"ಕನ್ನಡಕ ಮನೇಲಿ ಮರ್ತೆ ಕಣೇ," ಅನ್ನುತ್ತಿದ್ದೆ.

"ಕೊಡಿಲ್ಲಿ," ಅನ್ನುತ್ತಿದ್ದಳು.

ನನಗೆ ಕನ್ನಡಕವೇ ಇರಲಿಲ್ಲ. ಎರಡನೆಯ ತರಗತಿಗೆ ಶಾಲೆ ಬಿಟ್ಟವಳು. ಆರ್ವಿಲಾ ಸ್ಟಾಂಪರ್ ಎಂದು ನನ್ನ ಹೆಸರು ಬರೆಯುತ್ತಿದ್ದೆ, ಡಬ್ಬದ ಮೇಲಿನ ಚಿತ್ರ ನೋಡಿ ಬೀನ್ಸ್ ಯಾವುದು ಪೀಚ್ ಯಾವುದು ಹೇಳುತ್ತಿದ್ದೆ, ಅಷ್ಟೆ. ಇದು ಗೊತ್ತಿದ್ದದ್ದು ಇಬ್ಬರಿಗೆ, ವೆಂಡೆಲ್‌ಗೆ ಮತ್ತು ಥೀಡಾಗೆ. ಒಂಬತ್ತು ವರ್ಷ ನಾನು ಇಲ್ಲದ ಕನ್ನಡಕ ಮರೆತೆ. ಒಂದು ದಿನವೂ ಅವಳು ಅದು ಎಂಥ ಕನ್ನಡಕ ಎಂದು ಕೇಳಲಿಲ್ಲ.

ತೊಂಬತ್ತಾರನೆಯ ಇಸವಿಯ ಶರತ್ಕಾಲದಲ್ಲಿ ಅವಳ ಕೋಣೆಗೆ 'ಉಸಿರಿಲ್ಲದವರು' ಬಂದವು. ತೆಳ್ಳಗಿನ ಪುಸ್ತಕಗಳು, ಒಟ್ಟು ಇಪ್ಪತ್ತಮೂರು. ಹೆಸರಿನ ಅಕ್ಷರಗಳು ಉಬ್ಬಿಕೊಂಡಿದ್ದವು, ಮಕ್ಕಳು ಅದರ ಮೇಲೆ ಬೆರಳಾಡಿಸುತ್ತ ಊಟದ ಸಾಲಿನಲ್ಲಿ ನಿಲ್ಲುತ್ತಿದ್ದರು. ಹೆಪ್ಪುಗಟ್ಟಿದ ಒಂದು ಗ್ರಹದಿಂದ ಬಂದವರು ಮನುಷ್ಯರ ಮೈ ಹೊಕ್ಕು ಅವರ ಹಾಗೇ ಓಡಾಡುತ್ತಾರೆ. ಗುರುತು ಹಿಡಿಯಲು ಇರುವ ದಾರಿ ಒಂದೇ, ಅವರು ಉಸಿರು ಬಿಟ್ಟರೆ ತಣ್ಣನೆಯ ಗಾಜಿನ ಮೇಲೆ ಮಂಜು ಕಟ್ಟುವುದಿಲ್ಲ. ಇಷ್ಟನ್ನು ನಾನು ಸಾಲಿನಲ್ಲಿ ನಿಂತ ಮಕ್ಕಳ ಬಾಯಿಂದಲೇ ತಿಳಿದೆ.

"ಮಿಸೆಸ್ ಸ್ಟಾಂಪರ್, ಈ ಗಾಜಿನ ಮೇಲೆ ಒಂದ್ಸಲ ಉಸಿರು ಬಿಡಿ."

ಬಿಡುತ್ತಿದ್ದೆ.

"ಮನುಷ್ಯರೇ ಕಣ್ರೋ. ಧೈರ್ಯವಾಗಿ ಬೀನ್ಸ್ ಹಾಕಿಸ್ಕೊಳ್ಳಿ."

ಆಗೆಲ್ಲ ನಾನೂ ನಗುತ್ತಿದ್ದೆ.

ನನ್ನ ಮಗಳು ಟ್ರೀನಾಗೆ ಆಗ ಹತ್ತು ವರ್ಷ. ವೆಂಡೆಲ್ ಕಾರ್ಖಾನೆಯ ಧೂಳು ಕುಡಿದು ಶ್ವಾಸಕೋಶ ಗಟ್ಟಿಯಾಗಿ ಹಾಸಿಗೆ ಹಿಡಿದಿದ್ದ. ನವೆಂಬರ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ನಾನು ಒಗೆದ ಬಟ್ಟೆ ಮಡಿಸಿಕೊಂಡು ಅವನ ಕೋಣೆಗೆ ಹೋದೆ. ಟ್ರೀನಾ ನಿದ್ದೆಹೋದ ಅಪ್ಪನ ಮೂಗಿನ ಕೆಳಗೆ ಒಂದು ಸ್ಟೀಲಿನ ಚಮಚ ಹಿಡಿದು ನಿಂತಿದ್ದಳು. ಫ್ರಿಜ್ಜಿನಲ್ಲಿಟ್ಟು ತಂದ ಚಮಚ. ಕಂಕುಳಲ್ಲಿ ಒಂಬತ್ತನೆಯ ಪುಸ್ತಕ. ಅದರ ರಟ್ಟಿನ ಮೇಲೆ ಒಬ್ಬ ಗಂಡಸು ಅಡಿಗೆಮನೆಯ ಮೇಜಿನ ಮುಂದೆ ಕೂತಿದ್ದಾನೆ, ಕಣ್ಣಿನಿಂದ ಕೆಳಗೆ ಮುಖವೆಲ್ಲ ಹಿಮ.

ಅವಳು ಚಮಚವನ್ನು ನನ್ನ ಕಡೆ ತಿರುಗಿಸಿದಳು.

"ಅಮ್ಮಾ, ಮಂಜು ಬರ್ತಿಲ್ಲ."

ನಾನು ಚಮಚ ನೋಡಲಿಲ್ಲ. ಕೆನ್ನೆಗೆ ಹೊಡೆದೆ. ಪುಸ್ತಕ ಕಿತ್ತುಕೊಂಡೆ. "ನಿಮ್ಮಪ್ಪನ್ನ ದೆವ್ವ ಮಾಡ್ತೀಯೇನೇ," ಅಂದೆ. ವೆಂಡೆಲ್‌ಗೆ ಎಚ್ಚರವಾಗಿ ಏನೆಂದು ಕೇಳಿದ. ಏನೂ ಇಲ್ಲ ಅಂದೆ.

ಮರುದಿನ ಚರ್ಚಿನ ನೆಲಮಾಳಿಗೆಯಲ್ಲಿ, ಎಲ್ಲರೂ ಒಂದೊಂದು ಅಡಿಗೆ ತಂದು ಹಂಚಿಕೊಂಡು ಉಣ್ಣುವಾಗ, ಇದನ್ನು ಹೇಳಿಬಿಟ್ಟೆ. ಪಾದ್ರಿಯ ಹೆಂಡತಿ ಲರ್ಲೀನ್ ತಟ್ಟೆ ಕೆಳಗಿಟ್ಟಳು. ಶಾಲೆಯ ಪುಸ್ತಕದ ಮೇಲೆ ದೂರು ಕೊಡುವ ಫಾರಂಗಳು ಅವಳ ಚೀಲದಲ್ಲೇ ಇದ್ದವು. ಐದು ಜನ ಹೆಂಗಸರು ಆಗಲೇ ತುಂಬಿ ಕೊಟ್ಟಿದ್ದರು. ನನ್ನ ಕೈಗೆ ಚೂರು ಜಿಡ್ಡು ಹತ್ತಿದ್ದನ್ನೇ ನೆಪ ಮಾಡಿ, ನೀನೇ ತುಂಬು ಅಂದೆ. ಅವಳು ಓದುತ್ತ ಹೋದಳು, ನಾನು ಹೇಳುತ್ತ ಹೋದೆ. ಹೆಸರು. ಮಗುವಿನ ತರಗತಿ. ಪುಸ್ತಕದ ಹೆಸರು. ಆಮೇಲೆ ನಾಲ್ಕನೆಯ ಪ್ರಶ್ನೆ.

"ಪುಸ್ತಕಾನ ಪೂರ್ತಿ ಓದಿದೀಯಾ? ಹೌದು ಇಲ್ಲ ಅಂತ ಎರಡು ಚೌಕ ಇದೆ. ನಾವೆಲ್ಲ ಇಲ್ಲ ಅಂತಾನೇ ಹಾಕಿದ್ವಿ. ಯಾರು ಓದ್ತಾರೆ ಆ ಹೊಲಸನ್ನ."

ಐದು ಜನ ನನ್ನನ್ನೇ ನೋಡುತ್ತಿದ್ದರು. ಇಲ್ಲ ಅಂದಿದ್ದರೆ ಸಾಕಿತ್ತು. ಅವರೂ ಇಲ್ಲ ಎಂದವರೇ. ಆದರೆ ಓದಲು ಬರುವವರ ಇಲ್ಲ ಬೇರೆ, ನನ್ನ ಇಲ್ಲ ಬೇರೆ ಎಂದು ನನಗೆ ಅನಿಸಿತು.

"ಓದಿದೀನಿ. ಒಂದಕ್ಷರ ಬಿಡ್ದೆ," ಅಂದೆ.

ಲರ್ಲೀನ್ ಹೌದು ಎಂಬ ಚೌಕಕ್ಕೆ ಗೀಟು ಹಾಕಿದಳು. ನಾನು ಕೆಳಗೆ ಹೆಸರು ಬರೆದೆ.

ಪೂರ್ತಿ ಓದದವರ ದೂರನ್ನು ತೆಗೆದುಕೊಳ್ಳುವ ಹಾಗಿಲ್ಲ ಎಂಬುದು ಶಾಲಾ ಮಂಡಳಿಯ ನಿಯಮ. ಅದು ನನಗೆ ಗೊತ್ತಿರಲಿಲ್ಲ, ಲರ್ಲೀನ್‌ಗೂ ಗೊತ್ತಿರಲಿಲ್ಲ. ಐದು ಫಾರಂ ಬದಿಗೆ ಹೋದವು. ಉಳಿದದ್ದು ನನ್ನದೊಂದೇ.

ಡಿಸೆಂಬರ್ ಮೊದಲ ವಾರ, ನಾನು ದಿನಾ ಒರೆಸುವ ಊಟದ ಹಾಲಿನಲ್ಲೇ ಸಭೆ ಕೂತಿತು. ಮಂಡಳಿಯ ಐದು ಜನ ಒಂದು ಉದ್ದ ಮೇಜಿನ ಹಿಂದೆ. ನಡುವೆ ಟೈರ್ ಅಂಗಡಿಯ ಹೋಬರ್ಟ್. ಥೀಡಾ ಎದ್ದು ನಿಂತು, ಈ ಪುಸ್ತಕಗಳಿಗೆ ನಲವತ್ತು ಮಕ್ಕಳು ಹೆಸರು ಬರೆಸಿ ಕಾಯುತ್ತಿದ್ದಾರೆ, ಅವರಲ್ಲಿ ಹನ್ನೊಂದು ಮಕ್ಕಳು ಇದಕ್ಕೆ ಮುಂಚೆ ಒಂದು ಪುಸ್ತಕವನ್ನೂ ಮುಟ್ಟಿದವರಲ್ಲ ಎಂದಳು. ಹೋಬರ್ಟ್ ನನ್ನ ಫಾರಂ ಎತ್ತಿ ಹಿಡಿದ.

"ಮಿಸ್ ಪ್ರೂಯಿಟ್, ಇವರು ಪೂರ್ತಿ ಓದಿ ದೂರು ಕೊಟ್ಟಿದಾರೆ. ಇದರ ಬಗ್ಗೆ ಏನಾದ್ರೂ ಹೇಳೋದಿದ್ಯಾ?"

ಥೀಡಾ ತಿರುಗಿ ನನ್ನನ್ನು ನೋಡಿದಳು. ನಾನು ಮೂರನೆಯ ಸಾಲಿನಲ್ಲಿ ಲರ್ಲೀನಳ ಪಕ್ಕ ಕೂತಿದ್ದೆ. ಅವಳು ಒಂದು ಮಾತು ಹೇಳಿದ್ದರೆ ಪುಸ್ತಕಗಳು ಉಳಿಯುತ್ತಿದ್ದವು.

"ಓದಿದೀನಿ ಅಂತ ಬರ್ದಿದಾರೆ," ಅಂದಳು. "ಅವರ ಮಾತಿನ ಮೇಲೆ ನಾನು ಮಾತಾಡಲ್ಲ."

ಮೂರು ಕೈ ಎದ್ದವು. ಎರಡು ಏಳಲಿಲ್ಲ. ಇಪ್ಪತ್ತಮೂರೂ ಹೋಗಬೇಕೆಂದು ತೀರ್ಮಾನವಾಯಿತು.

ಮರುದಿನ ಮಧ್ಯಾಹ್ನ ಬಾಗಿಲು ತೆರೆಯಿತು. ಬರುತ್ತಾಳೆಂದು ನಾನು ಎಣಿಸಿರಲಿಲ್ಲ, ಬ್ರೆಡ್ಡಿನ ಅಂಚು ತೆಗೆದಿಟ್ಟಿರಲಿಲ್ಲ.

"ಖಾಲಿ ರಟ್ಟಿನ ಪೆಟ್ಟಿಗೆ ಎರಡಿದ್ರೆ ಕೊಡು ಆರ್ವಿಲಾ," ಅಂದಳು.

ಪೀಚ್ ಡಬ್ಬಗಳು ಬಂದ ಪೆಟ್ಟಿಗೆಗಳನ್ನು ಕೊಟ್ಟೆ. ನನ್ನಲ್ಲಿದ್ದ ಒಂಬತ್ತನೆಯದನ್ನೂ ಅದರೊಳಗಿಟ್ಟೆ. ಅವಳು ಪೆಟ್ಟಿಗೆ ತೆಗೆದುಕೊಂಡು, ಹೋಗುವ ಬದಲು ಅಲ್ಲೇ ನಿಂತು, "ಇವತ್ತು ಕಾಗದ ಏನೂ ಬಂದಿಲ್ವಾ?" ಅಂದಳು.

ಬಂದಿತ್ತು. ಕೊಟ್ಟೆ. ಓದಿದಳು. ವೆಂಡೆಲ್‌ನ ಎದೆಯ ಎಕ್ಸ್‌ರೇ ನೋಡಿ ಡಾಕ್ಟರು ಬರೆದದ್ದು. ಇನ್ನು ಎರಡು ಮೂರು ತಿಂಗಳು ಎಂದಿತ್ತು. ಅವಳು ಕಾಗದ ಮಡಿಸಿ ನನ್ನ ಏಪ್ರನ್ ಜೇಬಿಗೆ ತಾನೇ ಹಾಕಿದಳು.

ಆ ಚಳಿಗಾಲವಿಡೀ ಟ್ರೀನಾ ಅಪ್ಪನ ಕೋಣೆಯೊಳಗೆ ಕಾಲಿಡಲಿಲ್ಲ. ಶಾಲೆಯಿಂದ ಬಂದು ಬಾಗಿಲವರೆಗೆ ಹೋಗುತ್ತಿದ್ದಳು, ನಿಲ್ಲುತ್ತಿದ್ದಳು, ತಿರುಗಿ ಹೋಗುತ್ತಿದ್ದಳು. ಹೊಡೆದದ್ದಕ್ಕೆ ಸಿಟ್ಟು ಅಂದುಕೊಂಡೆ. ಫೆಬ್ರವರಿಯಲ್ಲಿ ವೆಂಡೆಲ್ ಹೋದ. ಮೂವತ್ತೆಂಟು ಸಂತಾಪದ ಕಾರ್ಡು ಬಂದವು, ಮೂವತ್ತೆಂಟನ್ನೂ ಥೀಡಾ ಓದಿ ಹೇಳಿದಳು.

ಅವಳು ಮತ್ತೆ ಆ ಸಭೆಯ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಥೀಡಾ ಅರವತ್ತೈದಕ್ಕೆ ನಿವೃತ್ತಳಾಗಿ ಊರಿನ ಲೈಬ್ರರಿಯ ಹಿಂಬದಿ ಕೋಣೆಯಲ್ಲಿ ದೊಡ್ಡವರಿಗೆ ಓದು ಕಲಿಸಲು ಕೂತಳು. ಒಂದು ದಿನ ದಾರಿಯಲ್ಲಿ ಸಿಕ್ಕು, "ಗುರುವಾರ ಬಾ. ಕನ್ನಡಕ ತಗೊಂಡ್ ಬಾ," ಅಂದಳು. ಐವತ್ತೆಂಟನೆಯ ವಯಸ್ಸಿಗೆ ಹೋಗಿ ಕೂತೆ. ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ನಿಜವಾಗಿಯೇ ಕನ್ನಡಕ ಬಂದಿತ್ತು. ಪ್ರತಿ ಗುರುವಾರ ಆ ಫಾರಂನ ಸುಳ್ಳಿನ ವಿಷಯ ಹೇಳಬೇಕೆಂದು ಹೋಗುತ್ತಿದ್ದೆ, ಪಾಠ ಮುಗಿಸಿ ಬರುತ್ತಿದ್ದೆ.

ಈಗ ಅವಳಿಗೆ ಎಂಬತ್ನಾಲ್ಕು. ಕಣ್ಣು ಹೋಗಿದೆ. ಕಳೆದ ವರ್ಷ ಕ್ರಿಸ್‌ಮಸ್ ಹೊತ್ತಿಗೆ ವೃದ್ಧರ ಆರೈಕೆಯ ಮನೆ ಸೇರಿದಳು. ಅವಳ ಅಣ್ಣನ ಮಗ ಮನೆ ಖಾಲಿ ಮಾಡುವಾಗ ನಾನು ಪಾತ್ರೆ ಕಟ್ಟಲು ಹೋಗಿದ್ದೆ. ಕಾರು ನಿಲ್ಲಿಸುವ ಷೆಡ್ಡಿನಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಹಿಂದೆ, ಎರಡು ಪೀಚ್ ಪೆಟ್ಟಿಗೆ ಇದ್ದವು. ಎಸೆಯಲು ಹೇಳಿದ್ದ ಪುಸ್ತಕಗಳನ್ನು ಅವಳು ಎಸೆದಿರಲಿಲ್ಲ.

ಮನೆಗೆ ತಂದೆ. ಹೌದು ಎಂದು ಬರೆಸಿದ್ದೆನಲ್ಲ, ಅದನ್ನು ಈಗಲಾದರೂ ನಿಜ ಮಾಡಿ, ಆಮೇಲೆ ಥೀಡಾಗೆ ಎದುರು ನಿಂತು ಹೇಳಬೇಕು ಎಂದು ನಿಶ್ಚಯಿಸಿದೆ. ಜನವರಿಯಿಂದ ಮಾರ್ಚ್‌ವರೆಗೆ ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಎಲ್ಲವೂ ಚೆನ್ನಾಗಿಲ್ಲ. ಹದಿನಾಲ್ಕನೆಯದು ಬರೀ ಓಟ. ಮೂರನೆಯದರಲ್ಲಿ ಸತ್ತ ನಾಯಿ ಹದಿನೇಳನೆಯದರಲ್ಲಿ ಬೊಗಳುತ್ತದೆ, ಬರೆದವರು ಮರೆತಿರಬೇಕು. ಆರನೆಯದರಲ್ಲಿ ಬಾವಿಯೊಳಗಿಂದ ಅಮ್ಮನ ದನಿಯಲ್ಲಿ ಕರೆಯುವ ಕಡೆ ನಾನು ಪುಸ್ತಕ ಮುಚ್ಚಿ, ಅಡಿಗೆಮನೆಯ ದೀಪ ಹಾಕಿ, ಒಂದು ಕಪ್ ಕಾಫಿ ಕುಡಿದು ಮತ್ತೆ ತೆರೆದೆ.

ಒಂಬತ್ತನೆಯದರ ಎಪ್ಪತ್ತೊಂದನೆಯ ಪುಟದಲ್ಲಿ ಒಂದು ಊಟದ ಚೀಟಿ ಸಿಕ್ಕಿತು. ನಾನೇ ದಿನಾ ತೂತು ಹೊಡೆಯುತ್ತಿದ್ದ ಚೀಟಿ, ಟ್ರೀನಾಳ ಹೆಸರು. ಅವಳು ಅಲ್ಲಿಯವರೆಗೆ ಓದಿದ್ದಳು. ಆ ಪುಟದ ಕೊನೆಯಲ್ಲಿ ಕಥೆಯ ಹುಡುಗಿ ಮಲಗಿದ ಅಪ್ಪನ ಮೂಗಿಗೆ ತಣ್ಣನೆಯ ಚಮಚ ಹಿಡಿಯುತ್ತಾಳೆ, ಮಂಜು ಕಟ್ಟುವುದಿಲ್ಲ, ಹುಡುಗಿ ಓಡುತ್ತಾಳೆ. ಅಧ್ಯಾಯ ಮುಗಿಯುತ್ತದೆ. ಮುಂದಿನ ಅಧ್ಯಾಯ ಅವಳು ಓದುವ ಮುಂಚೆ ನಾನು ಪುಸ್ತಕ ಕಿತ್ತುಕೊಂಡಿದ್ದೆ. ಅದರಲ್ಲಿ ಹುಡುಗಿ ತಿರುಗಿ ಬರುತ್ತಾಳೆ. ಮೈ ಕಳೆದುಕೊಂಡವರು ಒಳಗೇ ಇರುತ್ತಾರೆ, ಅವರಿಗೆ ಎಲ್ಲವೂ ಕೇಳಿಸುತ್ತದೆ, ಉತ್ತರ ಕೊಡಲು ಮಾತ್ರ ಆಗುವುದಿಲ್ಲ ಎಂದು ಅವಳಿಗೆ ತಿಳಿಯುತ್ತದೆ. ಅವತ್ತಿನಿಂದ ದಿನಾ ಅಪ್ಪನ ಪಕ್ಕ ಕೂತು ಶಾಲೆಯಲ್ಲಿ ಏನಾಯಿತೆಂದು ಹೇಳುತ್ತಾಳೆ. ಅವನು ಮರಳುವುದಿಲ್ಲ. ಇಪ್ಪತ್ತಮೂರನೆಯದರಲ್ಲಿ ಒಂದು ಬೆರಳು ಅಲ್ಲಾಡಿಸುತ್ತಾನೆ, ಅಷ್ಟೆ.

ಚೀಟಿಯನ್ನು ಇದ್ದಲ್ಲೇ ಇಟ್ಟೆ.

ಭಾನುವಾರ ಟ್ರೀನಾ ನನ್ನನ್ನು ಕಾರಿನಲ್ಲಿ ಥೀಡಾಳ ಹತ್ತಿರ ಕರೆದುಕೊಂಡು ಹೋದಳು. ಅವಳಿಗೀಗ ಮೂವತ್ತೆಂಟು, ಪಕ್ಕದೂರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಾಳೆ. ಒಳಗೆ ಬರುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಹೊರಗೆ ಚಳಿ ಎಂದು ಬಂದು ಕಿಟಕಿಯ ಹತ್ತಿರ ಕೋಟು ಬಿಚ್ಚದೆ ನಿಂತಳು. ಅವಳೆದುರು ಹೇಳುವುದೋ ಬೇಡವೋ ಎಂದು ನೋಡಿದೆ. ಇಷ್ಟು ವರ್ಷ ಹಾಗೇ ನೋಡುತ್ತ ಕಳೆದಿದ್ದೆ.

"ಥೀಡಾ, ಆ ಫಾರಂನಲ್ಲಿ ಓದಿದೀನಿ ಅಂತ ಬರೆಸಿದ್ದೆ. ಸುಳ್ಳು," ಅಂದೆ. "ಈಗ ಓದಿದೆ. ಇಪ್ಪತ್ತಮೂರೂ."

"ಹದಿನಾಲ್ಕೂ ಓದಿದ್ಯಾ?"

"ಓದಿದೆ."

"ಪಾಪ," ಅಂದಳು. ಆಮೇಲೆ ಕೈ ಹುಡುಕಿ ನನ್ನ ಮೊಣಕೈ ಹಿಡಿದಳು. "ನಾನು ಒಳ್ಳೆಯವಳು ಅಂತ ಅಂದ್ಕೋಬೇಡ ಆರ್ವಿಲಾ. ಅವತ್ತು ನಿನ್ನ ಮಾನ ಒಂದು ಕಡೆ, ನಲವತ್ತು ಮಕ್ಕಳು ಒಂದು ಕಡೆ. ನಿನ್ನ ಕಡೆ ಹೋದೆ. ಸರಿ ಮಾಡಿದೆ ಅಂತ ಒಂದಿನಾನೂ ಅನ್ನಿಸ್ಲಿಲ್ಲ. ಅದು ನಿಂದಷ್ಟೇ ತಪ್ಪಲ್ಲ, ನನ್ನ ಪಾಲೂ ಇದೆ, ಅದನ್ನ ನೀನು ಹೊತ್ಕೊಳ್ಳೋಕೆ ಬರ್ಬೇಡ."

ನಾನು ಕೈಚೀಲದ ಜಿಪ್ ಎಳೆದೆ.

"ಪುಸ್ತಕ ತಂದಿದೀಯಾ? ಎಲ್ಲಿಂದ ಬೇಕಾದ್ರೂ ಓದು," ಅಂದಳು.

ಒಂಬತ್ತನೆಯದು ಚೀಟಿ ಇದ್ದಲ್ಲಿ ತೆರೆದುಕೊಂಡಿತು. ನಿಧಾನವಾಗಿ ಓದಿದೆ. ಚಮಚದ ಕಡೆ ಬಂದಾಗ ಟ್ರೀನಾ ಕಿಟಕಿ ಬಿಟ್ಟು ತಿರುಗಿದಳು. ಹುಡುಗಿ ಮರಳಿ ಬರುವ ಹೊತ್ತಿಗೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅಧ್ಯಾಯ ಮುಗಿದಾಗ ಕೇಳಿದಳು, "ಅಪ್ಪಂಗೆ ಕೇಳಿಸ್ತಿತ್ತಾ? ನಾನು ಬಾಗಿಲಿಗೆ ಬಂದಿದ್ದು?"

ಇಲ್ಲ ಎಂದಿದ್ದರೆ ಅವಳಿಗೆ ಹಗುರವಾಗುತ್ತಿತ್ತೋ ಏನೋ. ಇನ್ನೊಂದು ಸುಳ್ಳು ನನ್ನಿಂದ ಆಗಲಿಲ್ಲ.

"ಕೇಳಿಸ್ತಿತ್ತು. ದಿನಾ. 'ಟ್ರೀನಾ ಬಂದ್ಳಾ' ಅಂತ ಕೇಳೋರು. ಆಟಕ್ಕೆ ಹೋದ್ಳು ಅಂತ ಹೇಳ್ತಿದ್ದೆ. ಅವತ್ತು ಚಮಚಾನೂ ನಾನು ನೋಡ್ಲಿಲ್ಲ ಟ್ರೀನಾ. ನೋಡಿದ್ದಿದ್ರೆ ಮಂಜು ಕಾಣ್ತಿತ್ತು. ಉಸಿರು ಸಣ್ಣಗಿತ್ತು, ಆದ್ರೆ ಇತ್ತು."

ಅವಳು ಎದ್ದು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಳು. ಚೀಟಿಯನ್ನು ಎಪ್ಪತ್ತೊಂದರಲ್ಲೇ ಇಟ್ಟು ಮುಚ್ಚಿ, ಕೋಟಿನ ಒಳಜೇಬಿಗೆ ಹಾಕಿಕೊಂಡು ಹೊರಗೆ ನಡೆದಳು.

"ಹೋಗು," ಅಂದಳು ಥೀಡಾ. "ಗುರುವಾರ ಮೊದಲನೇದು ತಗೊಂಡ್ ಬಾ."

ಕಾರಿನಲ್ಲಿ ಟ್ರೀನಾ ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಚಳಿಗೆ ಎದುರಿನ ಗಾಜಿನ ಮೇಲೆ ಅವಳ ಕಡೆ ಒಂದಷ್ಟು, ನನ್ನ ಕಡೆ ಒಂದಷ್ಟು ಮಂಜು ಕಟ್ಟುತ್ತ ಬಂತು. ಅವಳು ಹೀಟರ್ ಹಾಕಲಿಲ್ಲ. ಹಾಕು ಎಂದು ನಾನೂ ಹೇಳಲಿಲ್ಲ.