ಬಂಡಿಯ ಮಕ್ಕಳ ತಾಯಿ

ಆ ಪುಸ್ತಕಗಳನ್ನು ಬರೆದ ಪುಣ್ಯಾತ್ಮರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರು ಈಗ ಬದುಕಿರಲಿಕ್ಕಿಲ್ಲ. ಬದುಕಿದ್ದರೂ, ತಮ್ಮಿಂದಾಗಿ ಶಿಕಾರಿಪುರದ ಒಬ್ಬ ಹುಡುಗಿ ಇಡೀ ತರಗತಿಯ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಒಂದೇ ಒಂದು ಪುಟ ಹೆಚ್ಚಿಗೆ ಬರೆದಿದ್ದರೆ ಸಾಕಿತ್ತು. ಅವರು ಬರೆಯಲಿಲ್ಲ. ಆ ಪುಟವನ್ನು ನಾನು ಬಾಯಲ್ಲಿ ಹೇಳಲು ಹೋಗಿ ಕೆಟ್ಟೆ.

ಐವತ್ತರ ದಶಕದ ಕೊನೆಯ ವರ್ಷಗಳವು. ಮಕ್ಕಳಿಗಾಗಿ ಒಂದು ಕತೆಯ ಮಾಲೆ ಬರುತ್ತಿತ್ತು. ತೆಳ್ಳನೆಯ ಪುಸ್ತಕ, ಒರಟು ಕಾಗದ, ಹೊದಿಕೆಯ ಮೇಲೆ ಕಮಾನು ಕಟ್ಟಿದ ಬಂಡಿಯ ಚಿತ್ರ. ಶಿವಮೊಗ್ಗದ ಬಸ್ಸಿನಲ್ಲಿ ಬಂದು, ಸ್ಲೇಟು, ಬಳಪ, ಊದಿನಕಡ್ಡಿ ಮಾರುವ ಅಂಗಡಿಯಲ್ಲಿ ದಾರಕ್ಕೆ ನೇತುಬೀಳುತ್ತಿತ್ತು. ಕತೆಯಲ್ಲಿ ಒಬ್ಬ ಅಜ್ಜ, ಅವನ ಇಬ್ಬರು ಮೊಮ್ಮಕ್ಕಳು, ಅಣ್ಣ ಮತ್ತು ತಂಗಿ. ಅಜ್ಜ ಬಂಡಿಯಲ್ಲಿ ಉಪ್ಪು, ಮೆಣಸಿನಕಾಯಿ ಹೇರಿಕೊಂಡು ಊರೂರು ಸುತ್ತುವವನು. ಪ್ರತಿ ಪುಸ್ತಕದಲ್ಲೂ ಒಂದು ಹೊಸ ಊರು. ಆ ಊರಲ್ಲಿ ಯಾರದೋ ಕರು ಕಳೆದಿರುತ್ತದೆ, ಇಲ್ಲವೇ ಯಾರೋ ಸುಳ್ಳು ತೂಕ ಮಾಡುತ್ತಿರುತ್ತಾರೆ. ಮಕ್ಕಳು ಪತ್ತೆ ಹಚ್ಚುತ್ತಾರೆ, ಊರವರು ಬೆನ್ನು ತಟ್ಟುತ್ತಾರೆ, ಬಂಡಿ ಮುಂದಿನ ಊರಿಗೆ ಹೊರಡುತ್ತದೆ.

ನಮ್ಮ ಓಣಿಯಲ್ಲಿ ಅದನ್ನು ಕೊಳ್ಳುತ್ತಿದ್ದುದು ಒಂದೇ ಮನೆ, ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಮನೆ. ಅವಳ ಅಪ್ಪ ದರ್ಜಿ. ಅವರು ಓದಿದ ಮೇಲೆ ಪುಸ್ತಕ ಮನೆಯಿಂದ ಮನೆಗೆ ಹೋಗಿ, ಕೊನೆಗೆ ಅಂಚೆಲ್ಲ ಎಣ್ಣೆಯಾಗಿ ಅವಳಿಗೆ ವಾಪಸು ಬರುತ್ತಿತ್ತು. ಹೊಸದು ಬರುವುದು ತಡವಾದಾಗ ನಾವು ಸುಮ್ಮನೆ ಕೂರುತ್ತಿರಲಿಲ್ಲ. ಶಾಲೆಯ ಜಗಲಿಯ ಮೇಲೆ ಕೂತು, ಅವರು ಏನೇನು ಬರೆಯಬೇಕಿತ್ತು ಎಂದು ಜಗಳ ಆಡುತ್ತಿದ್ದೆವು. ತಾಳಗುಂದದಿಂದ ಬಂದು ನೆಂಟರ ಮನೆಯಲ್ಲಿದ್ದ ಒಬ್ಬ ಹುಡುಗನಿಗೆ ಬಂಡಿ ತನ್ನ ಊರಿಗೇ ಬರಬೇಕಿತ್ತು, ಅಲ್ಲಿನ ಶಾಸನದ ಕಂಬದ ಬುಡದಲ್ಲಿ ಆ ಮಕ್ಕಳಿಗೆ ನಿಧಿ ಸಿಗಬೇಕಿತ್ತು. ಇನ್ನೊಬ್ಬನಿಗೆ ಎತ್ತು ಮಾತಾಡಬೇಕಿತ್ತು. ದರ್ಜಿಯ ಮಗಳ ದೂರು ಮಾತ್ರ ನ್ಯಾಯವಾಗಿತ್ತು. "ಇಷ್ಟು ಊರು ತಿರುಗ್ತಾರ, ನಮ್ಮೋರ ಮನಿಗೆ ಒಂದಿನಾನೂ ಬರಂಗಿಲ್ಲ ನೋಡು. ರಂಜಾನ್ ದಿನ ಬಂದಿದ್ರ ಹಾಲು ಶಾವಿಗಿ ಹಾಕಿದ ಸುರಕುಂಬಾ ಕೊಡ್ತಿದ್ವಿ," ಎನ್ನುತ್ತಿದ್ದಳು.

ನನ್ನ ತಕರಾರು ಒಂದೇ. ಆ ಮಕ್ಕಳ ತಾಯಿ ಎಲ್ಲಿ?

ಅಪ್ಪ ತೀರಿಕೊಂಡನೆಂದು ಮೊದಲ ಪುಸ್ತಕದಲ್ಲೇ ಬರೆದಿದ್ದರು. ತಾಯಿಯ ಸುದ್ದಿಯೇ ಇಲ್ಲ. ಸತ್ತಳೆಂದೂ ಇಲ್ಲ, ಇದ್ದಾಳೆಂದೂ ಇಲ್ಲ. ಜ್ವರ ಬಂದಾಗಲೂ ಆ ಹುಡುಗಿ ತಾಯಿಯನ್ನು ನೆನೆಸಿಕೊಳ್ಳುವುದಿಲ್ಲ. ಉಳಿದವರೆಲ್ಲ ಅವಳೂ ಸತ್ತಿರಬೇಕು ಬಿಡು ಎಂದು ತೀರ್ಪು ಕೊಟ್ಟಿದ್ದರು. ನಾನು ಒಪ್ಪಲಿಲ್ಲ. ಏಕೆಂದರೆ ನಮ್ಮ ಮನೆಯಲ್ಲೂ ಹಾಗೇ ಇತ್ತು. ನನ್ನ ಅಪ್ಪ ಸತ್ತಿದ್ದ. ಅವನ ಮಾತು ದಿನಾ ಬರುತ್ತಿತ್ತು. ಬದುಕಿದ್ದ ನನ್ನ ಅವ್ವನ ಮಾತು ಮಾತ್ರ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಅವ್ವ ಉಡಿಕೆಯಾಗಿ ಹೋಗಿದ್ದಳು. ನಮ್ಮ ಜನರಲ್ಲಿ ಗಂಡ ಸತ್ತ ಹೆಂಗಸು ಮತ್ತೊಬ್ಬನಿಂದ ಸೀರೆ ಪಡೆದು ಉಟ್ಟು ಅವನ ಮನೆಗೆ ಹೋಗಬಹುದಿತ್ತು. ಅದಕ್ಕೆ ಉಡಿಕೆ ಎನ್ನುತ್ತಿದ್ದರು. ಮದುವೆಯೆಂದು ಯಾರೂ ಕರೆಯುತ್ತಿರಲಿಲ್ಲ. ಹಂದರವಿಲ್ಲ, ವಾಲಗವಿಲ್ಲ, ದೀಪ ಹಚ್ಚುವ ಹೊತ್ತಿಗೆ ನಾಲ್ಕು ಜನರ ಮುಂದೆ ಮುಗಿದುಹೋಗುತ್ತಿತ್ತು. ಮೊದಲ ಗಂಡನ ಮಕ್ಕಳು ಅವನ ಮನೆಯಲ್ಲೇ ಉಳಿಯಬೇಕು, ಅವಳು ಆ ಹೊಸಿಲನ್ನು ಮತ್ತೆ ತುಳಿಯಬಾರದು. ಅವ್ವ ಸೊರಬದ ಹತ್ತಿರದ ಒಂದು ಹಳ್ಳಿಗೆ ಹೋದಳು. ನಾನು ಅಜ್ಜಿಯ ಹತ್ತಿರ, ಎಂದರೆ ಅಪ್ಪನ ತಾಯಿಯ ಹತ್ತಿರ, ಶಿಕಾರಿಪುರದಲ್ಲಿ ಉಳಿದೆ. ಅವಳು ಹೊರಟಾಗ ನಾನು ಎಷ್ಟು ಸಣ್ಣವಳೆಂದರೆ, ಅವಳ ಮುಖವನ್ನು ಆಮೇಲೆ ನಾನೇ ಕಟ್ಟಿಕೊಳ್ಳಬೇಕಾಯಿತು.

ಅಜ್ಜಿ ಕೆಟ್ಟವಳಲ್ಲ. ಹೊಟ್ಟೆ ತುಂಬ ಉಣ್ಣಿಸುತ್ತಿದ್ದಳು, ತಲೆ ಬಾಚುತ್ತಿದ್ದಳು. ಆದರೆ ಮದುವೆ ಮನೆಗಳಲ್ಲಿ ಯಾರಾದರೂ ನನ್ನ ಗಲ್ಲ ಹಿಡಿದೆತ್ತಿ "ಇದು ಅಕಿ ಮಗಳಲ್ಲೇನು?" ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ನನ್ನ ಕಿವಿ ಕಾದುಹೋಗುತ್ತಿತ್ತು. ಏನು ತಪ್ಪು ಮಾಡಿದ್ದೆನೋ ಗೊತ್ತಿಲ್ಲ, ನಾಚಿಕೆ ಮಾತ್ರ ಗೊತ್ತಿತ್ತು. ಆ ನಾಚಿಕೆಯ ಕೆಳಗೆ ಒಂದು ಪ್ರಶ್ನೆ ಇತ್ತು. ನಾನೇ ಎದ್ದು ಅವಳ ಬಾಗಿಲಿಗೆ ಹೋದರೆ, ನನ್ನನ್ನು ಮಗಳೆನ್ನುತ್ತಾಳೋ ಇಲ್ಲವೋ? ಅದನ್ನು ಯಾರನ್ನೂ ಕೇಳುವಂತಿರಲಿಲ್ಲ. ಬಂಡಿಯ ಮಕ್ಕಳಾದರೂ ಕೇಳಲಿ ಎಂದು ಕಾದೆ. ಅವರು ಕರು ಹುಡುಕುವುದರಲ್ಲೇ ಇದ್ದರು.

ಆ ವರ್ಷ ಮೈಸೂರಿನ ಕಡೆಯಿಂದ ಒಬ್ಬ ಹೊಸ ಮಾಸ್ತರರು ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮನಸ್ಸು. ಒಳ್ಳೆಯ ಮನಸ್ಸಿನವರಿಂದಲೇ ನಾನು ಹೆಚ್ಚು ಪೆಟ್ಟು ತಿಂದಿರುವುದು, ಅದು ಬೇರೆ ಮಾತು. ಶನಿವಾರ ಬೆಳಗ್ಗೆ ಕವಾಯತು ಮುಗಿದ ಮೇಲೆ ಅವರು ಕತೆ ಹೇಳಿಸುತ್ತಿದ್ದರು. ನಾವು ಬಂಡಿಯ ಪುಸ್ತಕಕ್ಕಾಗಿ ಕಿತ್ತಾಡುವುದನ್ನು ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ, ಒಂದು ಶನಿವಾರ "ಇವತ್ತು ಆ ಪುಸ್ತಕದಲ್ಲಿ ಇಲ್ಲದಿರೋ ಕತೆ ಹೇಳಿ ನೋಡೋಣ," ಎಂದರು.

ನಿಧಿಯಾಯಿತು, ಮಾತಾಡುವ ಎತ್ತಾಯಿತು. ಸುರಕುಂಬಾದ ಕತೆಗೆ ಎಲ್ಲರ ಬಾಯಲ್ಲೂ ನೀರೂರಿತು. ನನ್ನ ಸರದಿ ಬಂದಾಗ ಎದ್ದು ನಿಂತು ಒಂದೇ ಉಸಿರಿಗೆ ಹೇಳಿದೆ. ಒಂದು ಹಳ್ಳಿಯಲ್ಲಿ ಬಂಡಿಯ ಗಾಲಿ ಮುರಿಯುತ್ತದೆ. ಮಕ್ಕಳು ನೀರು ಕೇಳಲು ಒಂದು ಮನೆಗೆ ಹೋಗುತ್ತಾರೆ. ಬಾಗಿಲಿಗೆ ಬಂದವಳು ಅವರ ತಾಯಿ. ನೋಡಿದ ಕೂಡಲೇ ಅವಳಿಗೆ ಗುರುತು ಸಿಗುತ್ತದೆ, ಮಕ್ಕಳಿಗೂ ಸಿಗುತ್ತದೆ. ಆದರೆ ಪಡಸಾಲೆಯಲ್ಲಿ ಅವಳ ಅತ್ತೆ ಕೂತಿದ್ದಾಳೆ. ತಾಯಿ ಬೆಲ್ಲ ಕೊಡುತ್ತಾಳೆ, ನೀರು ಕೊಡುತ್ತಾಳೆ, "ಯಾರ ಮಕ್ಕಳು ನೀವು?" ಎಂದು ಕೇಳುತ್ತಾಳೆ. ಮಕ್ಕಳು ಅಜ್ಜನ ಹೆಸರು ಹೇಳುತ್ತಾರೆ, ನೀರು ಕುಡಿದು ಬರುತ್ತಾರೆ. ಗಾಲಿ ರಿಪೇರಿಯಾಗುತ್ತದೆ, ಬಂಡಿ ಹೋಗುತ್ತದೆ.

ತರಗತಿಯವರೆಲ್ಲ ನನ್ನ ಕಡೆ ತಿರುಗಿದ್ದರು. ಎಲ್ಲರಿಗೂ ಅರ್ಥವಾಗಿತ್ತು. ಅರ್ಥವಾಗದವರು ಮಾಸ್ತರರೊಬ್ಬರೇ.

"ಚೆನ್ನಾಗಿ ಹೇಳಿದೆ ಕಣಮ್ಮ. ಆದರೆ ಕಡೇ ಭಾಗ ಸರಿಹೋಗಲಿಲ್ಲ," ಎಂದರು. "ತನ್ನ ಮಕ್ಕಳು ಅಂತ ಗೊತ್ತಾದ ಮೇಲೆ ಯಾವ ತಾಯಿ ಹಾಗೆ ಕೇಳ್ತಾಳೆ? ಓಡಿ ಬಂದು ತಬ್ಕೊಳಲ್ವಾ? ಯಾಕೆ ಅವಳು ಸುಮ್ಮನಿದ್ದಳು, ಹೇಳು ನೋಡೋಣ."

ನಾನು ನೆಲ ನೋಡಿದೆ. ಅವರು ಬಿಡಲಿಲ್ಲ. ನಾನು ಯೋಚಿಸುತ್ತಿದ್ದೇನೆ ಎಂದುಕೊಂಡು ಪ್ರೀತಿಯಿಂದಲೇ ಕಾಯುತ್ತ ನಿಂತರು. ಹಿಂದಿನ ಸಾಲಿನ ಹುಡುಗನೊಬ್ಬನಿಗೆ ಅವರ ಕಷ್ಟ ನೋಡಲಾಗಲಿಲ್ಲವೇನೋ.

"ಅದು ಕತಿ ಅಲ್ರಿ ಸಾರ್, ಖರೇನ ಐತ್ರಿ. ಅಕಿ ಅವ್ವ ಉಡಿಕಿ ಆಗಿ ಸೊರಬದ ಕಡೆ ಹೋಗ್ಯಾಳ್ರಿ."

"ಉಡಿಕೆ ಅಂದರೆ?"

ಅಷ್ಟೇ ಕೇಳಿದ್ದು. ಮಗ್ಗಿ ಕೇಳಿದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ ತರಗತಿ, ಅವತ್ತು ಬೆರಳೆತ್ತಿ ಪೈಪೋಟಿಗೆ ನಿಂತಿತು. "ಹೊಸಾ ಸೀರಿ ಉಡಸ್ತಾರ್ರಿ!" "ವಾಲಗ ಊದಂಗಿಲ್ರಿ!" "ದೀಪ ಹಚ್ಚೋ ಹೊತ್ತಿಗೆ ಮಾಡ್ತಾರ್ರಿ!" "ಮಕ್ಕಳನ್ನ ಕರಕೊಂಡು ಹೋಗಂಗಿಲ್ರಿ!" "ಆಮ್ಯಾಲೆ ಅಂಥೋರ್ನ ಆರತಿ ಎತ್ತಾಕ ಕರಿಯಂಗಿಲ್ರಿ!" ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಸೇರಿಸಿದರು. ಯಾರ ದನಿಯಲ್ಲೂ ಕೆಟ್ಟತನವಿರಲಿಲ್ಲ, ಉತ್ತರ ಗೊತ್ತಿದೆಯೆಂಬ ಸಂತೋಷವಿತ್ತು. ನಾನು ನಿಂತೇ ಇದ್ದೆ, ಏಕೆಂದರೆ ಕೂರು ಎಂದು ಯಾರೂ ಹೇಳಿರಲಿಲ್ಲ. ದರ್ಜಿಯ ಮಗಳು ಮೆಲ್ಲಗೆ ನನ್ನ ಲಂಗದ ತುದಿ ಹಿಡಿದುಕೊಂಡಳು.

ಮಾಸ್ತರರ ಮುಖ ಕೆಂಪಗಾಯಿತು. "ಸಾಕು! ಇದರಲ್ಲಿ ನಗೋದೇನಿದೆ?" ಎಂದು ಗದರಿದರು. ಅಲ್ಲಿಯವರೆಗೆ ಯಾರೂ ನಕ್ಕಿರಲಿಲ್ಲ. ಅವರು ಹಾಗೆಂದ ಮೇಲೆ ಇದು ನಗುವ ಸಂಗತಿಯೆಂದು ಎಲ್ಲರಿಗೂ ಹೊಳೆಯಿತು. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ನಾನು ಅವತ್ತು ನಿಜವಾಗಿ ಹಾಗೇ ಬೇಡಿಕೊಂಡೆ.

ಸುದ್ದಿ ನನಗಿಂತ ಮೊದಲೇ ಮನೆಗೆ ಹೋಗಿತ್ತು. ಅಜ್ಜಿ ಹೊಡೆಯಲಿಲ್ಲ. ಅಕ್ಕಿ ಆರಿಸುತ್ತ ಕೂತವಳು ಮೊರದಿಂದ ತಲೆಯೆತ್ತದೆ ಕೇಳಿದಳು. "ಮಗನ್ನ ಕಳಕೊಂಡಿದ್ದು ಊರಿಗೆಲ್ಲಾ ಗೊತ್ತೈತಿ. ಸೊಸಿನ ಕಳಕೊಂಡಿದ್ದನ್ನೂ ಸಾಲ್ಯಾಗ ನಿಂತು ಹೇಳಬೇಕಾಗಿತ್ತೇನು?" ಅವಳಿಗೂ ನಾಚಿಕೆಯಿತ್ತು ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಬಂಡಿಯ ಪುಸ್ತಕ ಮತ್ತೆ ನಮ್ಮ ಮನೆಯ ಹೊಸಿಲು ದಾಟಲಿಲ್ಲ. ನಾನೂ ಕೇಳಲಿಲ್ಲ.

ಬೇಸಿಗೆ ರಜೆಗೆ ಅಪ್ಪನ ಅಕ್ಕ, ನನ್ನ ಸೋದರತ್ತೆ, ಸೊರಬಕ್ಕೆ ಕರೆದುಕೊಂಡು ಹೋದಳು. ಅವಳು ನನ್ನ ಅವ್ವನ ಮೇಲೆ ಎಂದೂ ಮುನಿಸಿಕೊಂಡವಳಲ್ಲ, ಆದರೆ ತವರಿನ ಎದುರು ಅದನ್ನು ತೋರಿಸುತ್ತಿರಲಿಲ್ಲ. ಸಂತೆಯ ದಿನ ಬೆಳಗ್ಗೆ, ಹಿತ್ತಲಲ್ಲಿ ಮಾವಿನ ಮಿಡಿಗೆ ಉಪ್ಪು ಹಾಕುತ್ತಿದ್ದಾಗ, ಬೇಲಿಯ ಕಡೆಯಿಂದ ಒಬ್ಬ ಹೆಂಗಸು ಬಂದಳು. ಅತ್ತೆ "ಬಾರೇ" ಎಂದಷ್ಟೇ ಹೇಳಿ, ಒಳಗೆ ಕೆಲಸವಿದೆಯೆಂದು ಎದ್ದುಹೋದಳು. ಬಂದವಳು ಸೆರಗು ಸಿಕ್ಕಿಸಿಕೊಂಡು ಅತ್ತೆ ಬಿಟ್ಟ ಜಾಗದಲ್ಲಿ ಕೂತು, ಮಿಡಿಗೆ ಉಪ್ಪು ಸವರತೊಡಗಿದಳು. ನಾನು ಕಟ್ಟಿಕೊಂಡಿದ್ದ ಮುಖ ಅದಾಗಿರಲಿಲ್ಲ. ಆದರೂ ಅವ್ವ ಎಂದು ತಿಳಿಯಲು ಯಾರೂ ಹೇಳಬೇಕಾಗಿರಲಿಲ್ಲ.

ಉಪ್ಪು ಸವರಿದ ಮಿಡಿ ಅರ್ಧ ಭರಣಿ ತುಂಬಿತು. ಆಮೇಲೆ ಅವಳು, "ಸಾಲಿಯಾಗ ಏನೋ ಕತಿ ಹೇಳಿದ್ಯಂತೆ. ಸಂತಿಗೆ ಬಂದೋರು ಹೇಳಿದ್ರು. ನನಗೂ ಹೇಳು," ಎಂದಳು.

ತರಗತಿಯ ಮುಂದೆ ನಿಂತದ್ದು ಏನೂ ಅಲ್ಲ ಎನ್ನಿಸಿತು. ಇವಳದೇ ಕತೆಯನ್ನು ಇವಳ ಮುಂದೆ ಹೇಗೆ ಹೇಳುವುದು? ಆದರೂ ಹೇಳಿದೆ, ಭರಣಿಯನ್ನು ನೋಡಿಕೊಂಡು, ಗಾಲಿ ಮುರಿದಲ್ಲಿಂದ ಬಂಡಿ ಹೋಗುವವರೆಗೆ. ಅವಳು ಕೈ ನಿಲ್ಲಿಸದೆ ಕೇಳಿದಳು.

"ಆ ಹುಡುಗ್ರಿಗೆ ಗುರ್ತು ಸಿಕ್ಕಿತ್ತಾ, ಇಕಿ ನಮ್ಮವ್ವ ಅಂತ?"

"ಹೂಂ."

"ಸಿಕ್ಕಿದ್ರೂ ಅಜ್ಜನ ಹೆಸರು ಹೇಳಿದ್ವಾ?"

ಅವಳು ಒಂದು ಮಿಡಿಯನ್ನು ಕೈಯಲ್ಲೇ ಹಿಡಿದು ಕೂತಳು.

"ಕತಿ ಬರದೋರಿಗೂ ಗೊತ್ತಾಗಲಿಲ್ಲ, ನಿನಗೂ ಗೊತ್ತಾಗಲಿಲ್ಲ. ಆಕಿ ಯಾರ ಮಕ್ಕಳು ಅಂತ ಕೇಳಿದ್ದು ಗೊತ್ತಿಲ್ಲದಕ್ಕಲ್ಲ ಕಣೆ. 'ನಾವು ನಿನ್ನ ಮಕ್ಕಳೇ, ಅವ್ವ' ಅನ್ಲಿ ಅಂತ. ಅತ್ತಿ ಮುಂದೆ ಆಕಿ ಬಾಯಿಂದ ಅನ್ನಂಗಿರಲಿಲ್ಲ. ಮಕ್ಕಳು ಅಂದ್ರೆ ಯಾರೇನು ಮಾಡಾಕ ಬರ್ತಿತ್ತು?"

ಇಷ್ಟು ದಿನ ನನ್ನನ್ನು ತಿಂದ ಪ್ರಶ್ನೆಗೆ ಉತ್ತರ ಬಂದಿತ್ತು. ಬಾಗಿಲಿಗೆ ಹೋದರೆ ಮಗಳೆನ್ನುತ್ತಾಳೋ ಎಂದು ನಾನು ಯೋಚಿಸುತ್ತಿದ್ದೆ. ಅವ್ವ ಎನ್ನುತ್ತಾಳೋ ಎಂದು ಅವಳು ಯೋಚಿಸುತ್ತಿದ್ದಳು. ಅವಳು ಬಂದು ಅಷ್ಟು ಹೊತ್ತಾಗಿತ್ತು, ನಾನು ಒಮ್ಮೆಯೂ ಕರೆದಿರಲಿಲ್ಲ. ಆ ನಾಚಿಕೆಗೆ ಅಳು ಬಂತು. ಅಳುವಿನ ಜೊತೆಗೇ ಬಾಯಿಗೂ ಬಂತು.

"ಅವ್ವಾ!"

ಬಹಳ ಜೋರಾಗಿ ಬಂತು. ಪಕ್ಕದ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಸದ್ದು ನಿಂತಿತು. ಅವಳು ದಡಕ್ಕನೆ ಮುಂದೆ ಬಾಗಿ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಕಣ್ಣು ಬೇಲಿಯ ಕಡೆಗೆ ಹೋಯಿತು, ಅಡುಗೆಮನೆಯ ಬಾಗಿಲ ಕಡೆಗೆ ಹೋಯಿತು. ಅಂಗೈಯ ಉಪ್ಪು ನನ್ನ ತುಟಿಗೆ ಹತ್ತಿ ಉರಿಯಿತು. ಒಗೆಯುವ ಸದ್ದು ಮತ್ತೆ ಶುರುವಾಯಿತು. ಆಗ ಅವಳಿಗೆ ತಾನೇನು ಮಾಡುತ್ತಿದ್ದೇನೆಂದು ತಿಳಿಯಿತು. ಕೈ ತೆಗೆದಳು. ನನ್ನ ಮುಖ ನೋಡಲಾಗದೆ ಭರಣಿಯ ಕಡೆ ತಿರುಗಿದಳು.

"ಇನ್ನೊಂದ್ಸಲ ಅನ್ನು," ಎಂದಳು. "ಮೆಲ್ಲಕ."